ಕೈಪಟ್ಟಿ, ಮುಳ್ಳಿನ ಮ್ಯಾಟ್, ಹೆಬ್ಬೆರಳು: ಮೂರನ್ನೂ ಒತ್ತಿ ನೋಡಿದ ಮೇಲೆ

ಆಕ್ಯುಪ್ರೆಶರ್, ಅಂದರೆ ಮೈಮೇಲಿನ ಕೆಲವು ಬಿಂದುಗಳನ್ನು ಒತ್ತಿ ವಾಕರಿಕೆ, ನೋವು ಕಡಿಮೆ ಮಾಡಿಕೊಳ್ಳುವ ಪದ್ಧತಿಯಲ್ಲಿ ಯಾವುದರಿಂದ ಒತ್ತಿದರೆ ಒಳ್ಳೆಯದು? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹೆಬ್ಬೆರಳಿಗೆ. ಆದರೆ ಅಲ್ಲಿಗೆ ಬಂದು ಮುಟ್ಟುವಷ್ಟರಲ್ಲಿ 1,900 ರೂಪಾಯಿ ಕೈಬಿಟ್ಟಿತ್ತು. ಕೈಪಟ್ಟಿ ಜೋಡಿಗೆ 350, ಮುಳ್ಳಿನ ಮ್ಯಾಟಿಗೆ 1,200, ಆಕ್ಯುಪ್ರೆಶರ್ ಚಪ್ಪಲಿಗೆ 350.

ನನ್ನ ತೊಂದರೆ ಎರಡು. ಒಂದು ಚಾರ್ಮಾಡಿ ಘಾಟಿ. ತವರು ಬೆಳ್ತಂಗಡಿ ಕಡೆ. ಬಸ್ಸು ಕೊಟ್ಟಿಗೆಹಾರ ಮುಟ್ಟುವ ಹೊತ್ತಿಗೇ ಹೊಟ್ಟೆ ತೊಳೆಸಲು ಶುರುವಾಗುತ್ತದೆ. ಎಲ್ಲರೂ ಇಳಿದು ನೀರುದೋಸೆ ತಿನ್ನುವಾಗ ನಾನು ನಿಂಬೆಹಣ್ಣು ಮೂಸುತ್ತಾ ಸೀಟಲ್ಲೇ ಕೂತಿರುತ್ತೇನೆ. ಮಾತ್ರೆ ತಗೊಂಡರೆ ವಾಂತಿ ನಿಲ್ಲುತ್ತದೆ, ಆದರೆ ತವರಿಗೆ ಹೋಗಿ ಅಮ್ಮನ ಹತ್ತಿರ ಮಾತಾಡುವ ಬದಲು ಇಡೀ ದಿನ ಮಂಪರಿನಲ್ಲಿ ಬಿದ್ದಿರುತ್ತೇನೆ. ಇನ್ನೊಂದು, ಕಂಪ್ಯೂಟರ್ ಮುಂದೆ ಕೂತು ಕೂತು ಸಂಜೆ ಕತ್ತು ಹಿಡಿದುಕೊಳ್ಳುವುದು. ಅದೇ ಮೆಲ್ಲಗೆ ತಲೆನೋವಾಗಿ ಹಣೆಗೆ ಏರುತ್ತದೆ.

ಮೊದಲು ಕೊಂಡದ್ದು ಕೈಪಟ್ಟಿ. ಎಲಾಸ್ಟಿಕ್ ಪಟ್ಟಿ, ಒಳಗೆ ಒಂದು ಪ್ಲಾಸ್ಟಿಕ್ ಗುಂಡಿ. ಆ ಗುಂಡಿ ಕೂರಬೇಕಾದ ಜಾಗಕ್ಕೆ ಚೀನಿಯರು ನೇಯ್‌ಗ್ವಾನ್ ಎನ್ನುತ್ತಾರೆ. ಒಳಬಾಗಿಲು ಎನ್ನಬಹುದು. ಮಣಿಕಟ್ಟಿನ ಗೆರೆಯಿಂದ ಮೂರು ಬೆರಳಗಲ ಮೇಲೆ, ಮುಷ್ಟಿ ಬಿಗಿದಾಗ ದಾರದ ಹಾಗೆ ಎದ್ದು ಕಾಣುವ ಎರಡು ಸ್ನಾಯುಹುರಿಗಳ ನಡುವೆ. ಆಪರೇಷನ್ ಆದಮೇಲೆ ಬರುವ ವಾಕರಿಕೆಗೆ ಈ ಜಾಗ ಒತ್ತುವುದು ಉಪಯೋಗಕ್ಕೆ ಬರುತ್ತದೆ ಎಂದು ಅಧ್ಯಯನಗಳು ಹೇಳಿವೆ. ಬಸ್ಸಿನ ವಾಂತಿಯ ವಿಷಯದಲ್ಲಿ ಫಲಿತಾಂಶ ಎಲ್ಲ ಕಡೆ ಒಂದೇ ರೀತಿ ಬಂದಿಲ್ಲ. ಆದರೂ ನೋಡೋಣ ಅಂತ ಕೊಂಡೆ.

ತೊಂದರೆ ಕೊಟ್ಟದ್ದು ನನ್ನ ಬಳೆ. ಆ ಜಾಗ ನೋಡಿ, ಬಳೆ, ವಾಚು, ಕೈಪಟ್ಟಿ ಎಲ್ಲಕ್ಕೂ ಬೇಕಾದದ್ದು ಅದೇ ನಾಲ್ಕು ಅಂಗುಲ. ಮನೆಯಲ್ಲಿ ಬೆರಳಿಟ್ಟು ಅಳೆದು, ಗುಂಡಿಯನ್ನು ಸರಿಯಾಗಿ ಕೂರಿಸಿಕೊಂಡೇ ಹೊರಟಿದ್ದೆ. ಹಾಸನ ದಾಟುವಾಗ ನೋಡಿದರೆ ಬಳೆಗಳು ಪಟ್ಟಿಯನ್ನು ತಳ್ಳಿ, ಗುಂಡಿ ಪಕ್ಕದ ಎಲುಬಿನ ಮೇಲೆ ಕೂತಿತ್ತು. ಸರಿಮಾಡಿದೆ. ಬ್ಯಾಗು ಎತ್ತಿದೆ, ಮತ್ತೆ ಜಾರಿತು. ಮದುವೆಗೆ ಹೊರಟಿದ್ದೆ, ಕೈತುಂಬ ಬಳೆ ಬೇರೆ. ತೆಗೆದಿಡಲು ಮನಸ್ಸು ಬರಲಿಲ್ಲ.

ಘಾಟಿಯ ತಿರುವು ಶುರುವಾದಾಗ ಇನ್ನೂ ಕಷ್ಟ. ಪ್ರತಿ ತಿರುವಿಗೂ ಮುಂದಿನ ಸೀಟಿನ ಕಂಬಿ ಹಿಡಿಯಬೇಕು. ಕಂಬಿ ಬಿಗಿಯಾಗಿ ಹಿಡಿದರೆ ಆ ಹುರಿಗಳು ಉಬ್ಬಿ ಗುಂಡಿಯನ್ನು ಪಕ್ಕಕ್ಕೆ ನೂಕುತ್ತವೆ. ಬಗ್ಗಿ ಪಟ್ಟಿ ಸರಿಮಾಡಹೋದರೆ ತಲೆ ಇನ್ನಷ್ಟು ತಿರುಗುತ್ತದೆ. ಅರ್ಧ ಘಾಟಿಯಲ್ಲೇ ವಾಂತಿಯಾಯಿತು. ಎರಡನೇ ಸಲ ಒಂದು ಸೈಜು ಬಿಗಿ ತರಿಸಿ ಬದಲಾಯಿಸಿಕೊಂಡೆ. ಜಾರಲಿಲ್ಲ, ಆದರೆ ಬೆರಳು ಜೋಮು ಹಿಡಿಯಿತು. ಉಜಿರೆಯಲ್ಲಿ ಇಳಿದಾಗ ಕೈಮೇಲೆ ಕೆಂಪು ಕುಳಿ, ಸಂಜೆಯವರೆಗೂ ಹೋಗಲಿಲ್ಲ.

ಮ್ಯಾಟಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಲಗಿದರೆ ಸಾವಿರಾರು ಪ್ಲಾಸ್ಟಿಕ್ ಮುಳ್ಳು ಬೆನ್ನಿಗೆಲ್ಲ ಒಂದೇ ಸಮ ಚುಚ್ಚುತ್ತವೆ. ಹತ್ತು ನಿಮಿಷಕ್ಕೆ ಬೆನ್ನು ಬೆಚ್ಚಗಾಗಿ ಹಾಯೆನಿಸುತ್ತದೆ, ಅದು ನಿಜ. ಆದರೆ ನನ್ನ ನೋವು ಇರುವ ಕತ್ತಿನ ಕುಳಿಗೆ ಅದು ತಾಗುವುದೇ ಇಲ್ಲ. ಕೂದಲು ಸಿಕ್ಕಿಕೊಳ್ಳುತ್ತದೆ.

ಚಪ್ಪಲಿ ಅಮ್ಮನಿಗೆಂದು ಕೊಂಡದ್ದು. ಅದು ನನ್ನ ತಪ್ಪು. ಅಮ್ಮನಿಗೆ ಸಕ್ಕರೆ ಕಾಯಿಲೆ, ಅಂಗಾಲಿನಲ್ಲಿ ಸ್ಪರ್ಶ ಕಡಿಮೆ. ಗುಳ್ಳೆ ಎದ್ದದ್ದು ಅವರಿಗೆ ಗೊತ್ತೇ ಆಗಲಿಲ್ಲ, ನಾನು ನೋಡಿದ್ದು ಮೂರನೇ ದಿನ. ಸಕ್ಕರೆ ಇರುವವರಿಗೆ ದಯವಿಟ್ಟು ಇದನ್ನು ಕೊಡಬೇಡಿ. ಪಾದದ ಒಂದೊಂದು ಜಾಗ ಒಂದೊಂದು ಅಂಗಕ್ಕೆ ಎಂದು ತೋರಿಸುವ ಬಣ್ಣದ ನಕ್ಷೆ ಇರುತ್ತದಲ್ವಾ, ಅದು 20ನೇ ಶತಮಾನದಲ್ಲಿ ಅಮೆರಿಕದಲ್ಲಿ ಬೆಳೆದ ಪದ್ಧತಿ. ಚೀನೀ ವೈದ್ಯದ ಪಟ್ಟಿಯಲ್ಲಿರುವ 361 ಬಿಂದುಗಳಲ್ಲಿ ಅಂಗಾಲಿನಲ್ಲಿ ಇರುವುದು ಒಂದೇ ಒಂದು.

ಇದನ್ನೆಲ್ಲ ನನಗೆ ಹೇಳಿದ್ದು ಅಕ್ಕನ ಮಗಳು. ಚೀನಾದಲ್ಲಿ ಎಂಬಿಬಿಎಸ್ ಓದಿ ಬಂದವಳು. ಅಲ್ಲಿ ಅವರ ದೇಶೀ ವೈದ್ಯದ ಒಂದು ಪಾಠವೂ ಇತ್ತಂತೆ. ನನ್ನ ಕೈಪಟ್ಟಿ ನೋಡಿ, "ಚಿಕ್ಕಮ್ಮ, ಅಳತೆಯೇ ನಿಮ್ಮ ಬೆರಳಿನದ್ದು, ಪಟ್ಟಿ ಯಾರ ಕೈ ಅಳತೆಯದ್ದು?" ಎಂದಳು. ಚೀನೀ ವೈದ್ಯದ ಲೆಕ್ಕದಲ್ಲಿ ಒಂದು ತ್ಸುನ್ ಅಂದರೆ ಅವರವರ ಹೆಬ್ಬೆರಳಿನ ಅಗಲ. ಮೂರು ಬೆರಳು ಜೋಡಿಸಿದರೆ ಎರಡು ತ್ಸುನ್, ನಾಲ್ಕು ಜೋಡಿಸಿದರೆ ಮೂರು. ನನ್ನ ಕೈಗೆ ನನ್ನ ಬೆರಳೇ ಅಳತೆಗೋಲು. ಅಲ್ಲಿನ ಶಾಲೆಗಳಲ್ಲಿ 1963ರಿಂದ ಮಕ್ಕಳಿಗೆ ಕಣ್ಣಿನ ಸುತ್ತ ಒತ್ತುವ ವ್ಯಾಯಾಮ ಕಲಿಸುತ್ತಿದ್ದಾರೆ, ಅದಕ್ಕೂ ಬರೀ ಬೆರಳು ಸಾಕು.

ಅವಳು ನನ್ನ ಹೆಬ್ಬೆರಳನ್ನು ಹಿಡಿದು ಜಾಗದ ಮೇಲೆ ಇಟ್ಟಳು. ಸುಮ್ನೆ ಚರ್ಮ ಒತ್ತಿದಾಗ ಏನೂ ಆಗಲಿಲ್ಲ. ಒಂದು ಕಾಳಿನಷ್ಟು ಪಕ್ಕಕ್ಕೆ ಸರಿದಾಗ ಅಂಗೈ ಕಡೆಗೆ ಒಂಥರಾ ಭಾರ ಹರಿಯಿತು. ನೋವಲ್ಲ, ಬಿಗಿದ ಹಾಗೆ, ಜೋಮಿನ ಹಾಗೆ. ಇದು ಬಂದರೆ ಸರಿಯಾದ ಜಾಗ ಎಂದು ಅರ್ಥವಂತೆ. ಗುಂಡಿಗೆ ಇದು ತಿಳಿಯುವುದಿಲ್ಲ. ಬೆರಳು ಹುಡುಕುತ್ತದೆ, ಜಾರಿದರೆ ತಾನೇ ವಾಪಸು ಬರುತ್ತದೆ, ಕೈ ನೊಂದರೆ ಸಡಿಲ ಬಿಡುತ್ತದೆ. ಬಳೆಯನ್ನು ಸ್ವಲ್ಪ ಮೇಲೆ ಸರಿಸಿದರೆ ಆಯಿತು.

ಕತ್ತಿಗೂ ಹಾಗೆಯೇ. ತಲೆಬುರುಡೆ ಮುಗಿಯುವಲ್ಲಿ ಕೂದಲಂಚಿಗೆ ಎರಡು ಕುಳಿಗಳಿವೆ, ಫೆಂಗ್‌ಛಿ. ಎರಡು ಹೆಬ್ಬೆರಳನ್ನೂ ಅಲ್ಲಿಟ್ಟು, ತಲೆಯನ್ನು ಹಿಂದಕ್ಕೆ ಬಿಟ್ಟು, ಒಂದೆರಡು ನಿಮಿಷ ಮೆಲ್ಲಗೆ ತಿರುವುತ್ತೇನೆ. ಮ್ಯಾಟ್ ಮುಟ್ಟದ ಜಾಗ ಇದೇ. ತಲೆನೋವು ಹಣೆಗೆ ಏರುವ ಮುಂಚೆ ಮಾಡಿದರೆ ಹೆಚ್ಚು ಸಲ ನಿಂತಿದೆ, ಏರಿದ ಮೇಲೆ ಮಾಡಿದರೆ ಅಷ್ಟಕ್ಕಷ್ಟೆ. ಹೆಬ್ಬೆರಳು ತೋರುಬೆರಳ ನಡುವಿನ ಹೆಗು ಎಂಬ ಬಿಂದುವನ್ನೂ ಒತ್ತುತ್ತೇನೆ. ಗರ್ಭಿಣಿಯರು ಅದನ್ನು ಒತ್ತಬಾರದು, ಚೀನೀ ವೈದ್ಯರೇ ಹಾಗೆ ಹೇಳುತ್ತಾರೆ. ತಲೆನೋವು ಇದ್ದಕ್ಕಿದ್ದಂತೆ ಜೋರಾಗಿ ಬಂದರೆ ಒತ್ತುತ್ತಾ ಕೂರದೆ ಆಸ್ಪತ್ರೆಗೆ ಹೋಗಿ.

ಹೆಬ್ಬೆರಳಿಗೂ ಒಂದು ಕೊರತೆ ಇದೆ. ಒಂದು ಕೈ ಒತ್ತುತ್ತಿದ್ದರೆ ಎರಡೂ ಕೈ ಕೆಲಸಕ್ಕೆ ಸಿಗುವುದಿಲ್ಲ. ಮಡಿಲಲ್ಲಿ ಮಗು ಇರುವವರಿಗೆ, ನಿಂತು ಹೋಗುವವರಿಗೆ ಇದು ಆಗದು. ನಾನು ಯಾವಾಗಲೂ ಮುಂದಿನ ಸಾಲಿನ ಸೀಟು ಬುಕ್ ಮಾಡುವವಳು, ಹಾಗಾಗಿ ನಡೆಯುತ್ತದೆ. ಕೊಟ್ಟಿಗೆಹಾರ ಬರುವ ಮುಂಚೆಯೇ ಶುರು ಮಾಡುತ್ತೇನೆ, ಒಂದು ಕೈ ಎರಡು ನಿಮಿಷ, ಆಮೇಲೆ ಇನ್ನೊಂದು. ಕಳೆದ ನಾಲ್ಕು ಸಲದಲ್ಲಿ ಮೂರು ಸಲ ವಾಂತಿ ಆಗಲಿಲ್ಲ.

ಕೈಪಟ್ಟಿಯನ್ನು ತಮ್ಮನಿಗೆ ಕೊಟ್ಟೆ. ಅವನ ಕೈಯಲ್ಲಿ ಬಳೆಯಿಲ್ಲ, ವಾಚೂ ಕಟ್ಟುವುದಿಲ್ಲ. ಅವನಿಗೆ ಅದು ಜಾರಿಲ್ಲವಂತೆ. ಹೋದ ತಿಂಗಳು ಘಾಟಿ ಇಳಿಯುವ ಮುಂಚೆ ಇಬ್ಬರೂ ಕೊಟ್ಟಿಗೆಹಾರದಲ್ಲಿ ಇಳಿದು ಎರಡೆರಡು ನೀರುದೋಸೆ ತಿಂದೆವು.