ಭಾನುವಾರ ಬಂದು ಹೋಗುವ ಸರ್ಜನ್ ಕೈಗೆ ಮುಖ ಕೊಡಬೇಡಿ

ದಾವಣಗೆರೆಯಲ್ಲಿ ಕಣ್ಣಿನ ಕೆಳಗಿನ ಚೀಲ ತೆಗೆಸಬೇಕು, ಮೂಗು ಸರಿ ಮಾಡಿಸಬೇಕು ಅಂತ ಯೋಚಿಸುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕತ್ತರಿ ಹಿಡಿಯುವವರು ಯಾರು? ಆ ರಾತ್ರಿ ತೊಂದರೆಯಾದರೆ ಬಂದು ನೋಡುವವರು ಯಾರು? ಇವೆರಡೂ ಗೊತ್ತಾಗದೆ ಅಡ್ವಾನ್ಸ್ ಕಟ್ಟಬೇಡಿ.

ನನಗೆ ಕಣ್ಣಿನ ಕೆಳಗೆ ಮೊದಲಿಂದಲೂ ಊತ. ಅಮ್ಮನಿಗೂ ಹಾಗೇ ಇತ್ತು. ಚೆನ್ನಾಗಿ ನಿದ್ದೆ ಮಾಡಿ ಬಂದರೂ "ಯಾಕ್ರೀ, ಹುಷಾರಿಲ್ವಾ?" ಅಂತ ಕೇಳುವವರೇ ಜಾಸ್ತಿ. ಊರಿನ ಒಂದು ಸ್ಕಿನ್ ಕ್ಲಿನಿಕ್‌ನಲ್ಲಿ ವಿಚಾರಿಸಿದೆ. ಮಾತಾಡಿದ್ದು ಡಾಕ್ಟರ್ ಅಲ್ಲ, ಕೌನ್ಸೆಲರ್ ಹುಡುಗಿ. "ಸಣ್ಣ ಕೆಲಸ ಮೇಡಂ, ಮೂರನೇ ದಿನ ಡ್ಯೂಟಿಗೆ ಹೋಗಬಹುದು" ಅಂದಳು. ಅದು ಸುಳ್ಳು. ಕಣ್ಣ ಸುತ್ತಲಿನ ಊತ, ಕಪ್ಪು-ನೀಲಿ ಕಲೆ ಇಳಿಯೋಕೆ ಸಾಮಾನ್ಯವಾಗಿ ಎರಡು ವಾರ ಬೇಕು.

ಸರ್ಜನ್ ಬರುತ್ತಿದ್ದದ್ದು ಬೆಂಗಳೂರಿನಿಂದ, ಭಾನುವಾರ ಮಾತ್ರ. ನಾನು ಅವರ ಮುಖ ನೋಡಿದ್ದೇ ಆಪರೇಷನ್ ಟೇಬಲ್ ಮೇಲೆ. ಬಿಪಿ ಇದೆಯಾ, ರಕ್ತ ತೆಳು ಮಾಡುವ ಮಾತ್ರೆ ತಗೊಳ್ತೀರಾ, ಕಣ್ಣು ಒಣಗುತ್ತಾ ಅಂತ ಯಾರೂ ಕೇಳಲಿಲ್ಲ. ಕೆಳರೆಪ್ಪೆ ಎಳೆದು ಬಿಟ್ಟು ಅದು ಎಷ್ಟು ಬೇಗ ವಾಪಸ್ ಕೂರುತ್ತೆ ಅಂತ ನೋಡುವುದಿರುತ್ತೆ. ರೆಪ್ಪೆ ಸಡಿಲ ಇದ್ದರೆ ಅದನ್ನೂ ಬಿಗಿ ಮಾಡಬೇಕು. ಅದನ್ನೂ ನೋಡಲಿಲ್ಲ. ಸಂಜೆಗೆ ಅವರು ಊರು ಬಿಟ್ಟಾಗಿತ್ತು.

ರಾತ್ರಿ ಎಡಗಣ್ಣು ಊದಿ ಮುಚ್ಚಿಹೋಯಿತು. ಕ್ಲಿನಿಕ್ ಫೋನ್ ಸ್ವಿಚ್ ಆಫ್. ಬೆಳಿಗ್ಗೆ ಸಿಕ್ಕ ಆ ಹುಡುಗಿ "ನಾರ್ಮಲ್ ಮೇಡಂ, ಐಸ್ ಇಡಿ" ಅಂದಳು. ನನ್ನ ಪುಣ್ಯ, ದೃಷ್ಟಿಗೆ ಏನೂ ಆಗಲಿಲ್ಲ. ಆದರೆ ಒಂದೇ ಕಣ್ಣಲ್ಲಿ ಜೋರು ನೋವು ಬಂದರೆ, ಗುಡ್ಡೆ ಉಬ್ಬಿದರೆ, ನೋಟ ಮಂಜಾದರೆ ಬೆಳಗಾಗಲಿ ಅಂತ ಕಾಯಲೇಬೇಡಿ. ಕಣ್ಣಿನ ಹಿಂದೆ ರಕ್ತ ಸೇರುತ್ತಿರಬಹುದು. ಹೀಗಾಗುವುದು ಅಪರೂಪ, ಆದರೆ ಕೆಲವೇ ಗಂಟೆಗಳಲ್ಲಿ ಕಣ್ಣೇ ಹೋಗಬಹುದು. ಎರಡು ಮೆಡಿಕಲ್ ಕಾಲೇಜು ಇರುವ ಊರು ನಮ್ಮದು. ನೇರ ಎಮರ್ಜೆನ್ಸಿಗೆ ಹೋಗಿ.

ಊತ ಇಳಿದ ಮೇಲೆ ನನ್ನ ಅಸಲಿ ತೊಂದರೆ ಶುರುವಾಯಿತು. ಎಡಗಣ್ಣಿನ ಕೆಳರೆಪ್ಪೆ ಜಗ್ಗಿ ಹೊರಕ್ಕೆ ತಿರುಗಿತ್ತು. ಮಲಗಿದರೂ ಕಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ. ಹದಡಿ ರಸ್ತೆಯಲ್ಲಿ ಸ್ಕೂಟಿ ಓಡಿಸಿದರೆ ಧೂಳಿಗೆ ನೀರು ಸುರಿಯುತ್ತಿತ್ತು. ಬೇರೆ ಕಡೆ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಚರ್ಮ ಜಾಸ್ತಿ ಕತ್ತರಿಸಿದ್ದಾರೆ, ಇದಕ್ಕೆ ಎಕ್ಟ್ರೋಪಿಯನ್ ಅಂತಾರೆ ಅಂದರು. ಈಗ ಹಗಲು ಡ್ರಾಪ್ಸ್, ರಾತ್ರಿ ಮುಲಾಮು ಹಚ್ಚಿ ಟೇಪ್ ಅಂಟಿಸಿ ಮಲಗುತ್ತೇನೆ. ಗಾಯ ಮೆತ್ತಗಾಗೋಕೆ ತಿಂಗಳುಗಟ್ಟಲೆ ಕಾಯಬೇಕು. ಆಗಲೂ ಸರಿಹೋಗದಿದ್ದರೆ ಕಿವಿ ಹಿಂದಿನ ಚರ್ಮ ತೆಗೆದು ಅಲ್ಲಿ ಹಾಕಬೇಕಂತೆ.

ಕೇಸ್ ಶೀಟ್ ಕೇಳಿದರೆ "ಬೆಂಗಳೂರು ಸರ್ ಹತ್ರ ಇದೆ" ಅಂತ ಸುಮ್ನೆ ಓಡಾಡಿಸಿದರು. ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ವೈದ್ಯರ 2002ರ ನಡತೆ ನಿಯಮದಲ್ಲೇ ಇದೆ. ಅದನ್ನು ಪತ್ರದಲ್ಲಿ ಬರೆದು ಕೊಟ್ಟೆ, ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಂಡೆ. ಆಗ ಸಿಕ್ಕಿತು. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಗಡುವು ಇದೆ. ಕಾಗದ ಇಲ್ಲದೆ ಅಲ್ಲಿ ಹೋಗಿ ಏನು ತೋರಿಸೋದು?

ಮಾಡಿಸಲೇಬೇಕು ಅನ್ನುವವರು ಸರ್ಜನ್ ಹೆಸರು ಮೊದಲೇ ಬರೆಸಿಕೊಳ್ಳಿ. ಎಂಸಿಎಚ್ ಪ್ಲಾಸ್ಟಿಕ್ ಸರ್ಜರಿ ಅನ್ನುವ ಉನ್ನತ ಪದವಿ ಆಗಿದೆಯಾ, ಅಥವಾ ಕಣ್ಣಿನ ಡಾಕ್ಟರಾದರೆ ರೆಪ್ಪೆ ಸರ್ಜರಿಯ ತರಬೇತಿ ಇದೆಯಾ ಕೇಳಿ. ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳು ಸರ್ಕಾರದಲ್ಲಿ ಮಾಡಿಸಬೇಕಾದ ಕೆಪಿಎಂಇ ನೋಂದಣಿಯ ಪತ್ರ ಗೋಡೆ ಮೇಲೆ ಹಾಕಿದ್ದಾರಾ ನೋಡಿ. ಆಪರೇಷನ್ ದಿನ ರಾತ್ರಿ ಸರ್ಜನ್ ಊರಲ್ಲಿ ಉಳಿಯುವುದಿಲ್ಲ ಅಂದರೆ, ಎಷ್ಟೇ ಡಿಸ್ಕೌಂಟ್ ಕೊಟ್ಟರೂ ಎದ್ದು ಬನ್ನಿ.