ಲ್ಯಾಸೆನ್‌ನಲ್ಲಿ ಐದು ವರ್ಷ: ಹಿಮದಡಿಯ ಮೇಜು, ಜೂನಿನ ಕಸ

ಉತ್ತರ ಕ್ಯಾಲಿಫೋರ್ನಿಯಾದ ಲ್ಯಾಸೆನ್ ವಾಲ್ಕ್ಯಾನಿಕ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಲು ಶುರುಮಾಡಿ ಐದು ವರ್ಷವಾಯಿತು. ವರ್ಷಕ್ಕೆ ಮೂರು ಸಲ, ಮೂರು ಸಲವೂ ನೈಋತ್ಯ ದ್ವಾರದ ಬಳಿಯ ಅದೇ ಪುಟ್ಟ ಕ್ಯಾಂಪಿಂಗ್ ಜಾಗಕ್ಕೆ. ಜ್ವಾಲಾಮುಖಿ, ಕುದಿಯುವ ಕೆಸರಿನ ಹೊಂಡಗಳ ಚಿತ್ರಗಳನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ನಾನು ಹೇಳಹೊರಟಿರುವುದು ಒಂದು ಮರದ ಮೇಜಿನ ವಿಷಯ.

ಜುಲೈನಲ್ಲಿ ನಾವು ಊಟ ಮಾಡುವುದು ಆ ಮೇಜಿನ ಮೇಲೆ. ಫೆಬ್ರುವರಿಯಲ್ಲಿ ಹೋದರೆ ಅದು ಕಾಲಡಿಯಲ್ಲಿ ಎಲ್ಲೋ ಹೂತುಹೋಗಿರುತ್ತದೆ. ಕರಡಿಗೆ ಸಿಗದಂತೆ ಆಹಾರ ಇಡುವ ಕಬ್ಬಿಣದ ಪೆಟ್ಟಿಗೆಯೂ ಕಾಣುವುದಿಲ್ಲ. ಕವಲೊಡೆದ ಒಂದು ಫರ್ ಮರವನ್ನು ಗುರುತಿಟ್ಟುಕೊಂಡು, ಹಿಮದ ಆಳ ನೋಡುವ ಉದ್ದನೆಯ ಕೋಲನ್ನು ಮಗ ಅಲ್ಲಲ್ಲಿ ಚುಚ್ಚುತ್ತಾ ಹೋಗುತ್ತಾನೆ. ಕೋಲು ಮೆತ್ತಗೆ ಇಳಿಯುತ್ತಾ ಇಳಿಯುತ್ತಾ ಒಮ್ಮೆ ‘ಟಕ್’ ಎನ್ನುತ್ತದೆ. ಮೇಜು ಸಿಕ್ಕಿತು! ಟೆಂಟ್ ಹಾಕುವ ಕೆಲಸ ಆಮೇಲೆ.

ಸುಮಾರು 6,700 ಅಡಿ ಎತ್ತರದ ಜಾಗವಿದು. ಚಳಿಗಾಲದಲ್ಲಿ ಮುಖ್ಯ ರಸ್ತೆಯನ್ನು ಮುಚ್ಚುತ್ತಾರೆ. ದಕ್ಷಿಣದಿಂದ ಬರುವವರಿಗೆ ಹಿಮ ತೆಗೆದ ದಾರಿ ಸಂದರ್ಶಕರ ಕೇಂದ್ರದವರೆಗೆ ಮಾತ್ರ. ಆ ಕೇಂದ್ರದ ಹೆಸರು ಕೋಮ್ ಯಾ-ಮಾ-ನೀ. ಸ್ಥಳೀಯ ಮೈಡು ಜನರ ಭಾಷೆಯಲ್ಲಿ ‘ಹಿಮದ ಬೆಟ್ಟ’ ಎಂದರ್ಥ. ಹೊರಗೆ ನಿಂತರೆ ಅರ್ಥ ಹೇಳಿಕೊಡುವವರು ಬೇಕಾಗುವುದಿಲ್ಲ. ಸ್ಕೀ ಜಾರುವವರನ್ನು ಇಳಿಜಾರಿನ ಮೇಲಕ್ಕೆ ಒಯ್ಯುವ ಸ್ಕೀ ಲಿಫ್ಟ್ ಇಲ್ಲ, ಹಾಗಾಗಿ ಲಿಫ್ಟಿನ ಟಿಕೆಟ್ಟೂ ಇಲ್ಲ. ನನ್ನಂತೆ ಲೆಕ್ಕ ಹಾಕಿ ಖರ್ಚು ಮಾಡುವವರಿಗೆ ಇದೇ ದೊಡ್ಡ ಆಕರ್ಷಣೆ. ಉದ್ಯಾನದ ಪಾಸ್, ಟೈರಿಗೆ ಚೈನ್, ಹಿಮದಲ್ಲಿ ಹೂತುಹೋಗದೆ ನಡೆಯಲು ಬೂಟಿಗೆ ಕಟ್ಟುವ ಅಗಲದ ಸ್ನೋಶೂ ಒಂದು ಜೊತೆ ಇದ್ದರೆ ಸಾಕು.

ಮೊದಲ ಚಳಿಗಾಲದಲ್ಲಿ ಬೆಳಗಿನ ಕಾಫಿಯೇ ಆಗಲಿಲ್ಲ. ಸ್ಟೌವಿನ ಉರಿ ಎರಡು ನಿಮಿಷ ನೀಲಿಯಾಗಿ ಉರಿದು ಸೊರಗಿತು. ಸ್ಟೌವಿನ ಡಬ್ಬಿಯಲ್ಲಿರುವ ಬ್ಯೂಟೇನ್ ಗ್ಯಾಸ್ ಸೊನ್ನೆ ಡಿಗ್ರಿಯ ಹತ್ತಿರ ಬಂದರೆ ಅನಿಲವಾಗುವುದನ್ನೇ ನಿಲ್ಲಿಸುತ್ತದೆ ಎಂಬುದನ್ನು ನಡುಗುತ್ತಾ ಕಲಿತೆ. ಈಗ ಗ್ಯಾಸಿನ ಡಬ್ಬಿಯನ್ನು ರಾತ್ರಿಯಿಡೀ ಸ್ಲೀಪಿಂಗ್ ಬ್ಯಾಗಿನೊಳಗೆ, ಪಾದದ ಬಳಿ ಇಟ್ಟುಕೊಂಡು ಮಲಗುತ್ತೇನೆ. ಕೇಂದ್ರದ ನಲ್ಲಿಯವರೆಗೆ ನಡೆಯಲು ಸೋಮಾರಿತನವಾದರೆ ಹಿಮವನ್ನೇ ಕರಗಿಸಿಕೊಳ್ಳುತ್ತೇನೆ. ಪಾತ್ರೆಯ ತಳದಲ್ಲಿ ಮೊದಲು ಎರಡು ಗುಟುಕು ನೀರಿರಬೇಕು. ಒಣ ಹಿಮ ಹಾಕಿ ಉರಿ ಹಚ್ಚಿದರೆ ಪಾತ್ರೆ ಸೀದು ನೀರಿಗೆ ಕಮಟು ವಾಸನೆ ಬರುತ್ತದೆ. ಈ ಎತ್ತರದಲ್ಲಿ ನೀರು 93 ಡಿಗ್ರಿಗೇ ಕುದಿಯುತ್ತದೆ. ಮೇಜು ಹೂತಿರುವ ಜಾಗದ ಮೇಲೆಯೇ ಕುಳಿತು ಆ ಕಾಫಿ ಕುಡಿಯುತ್ತೇವೆ.

ಆಮೇಲೆ ಸ್ನೋಶೂ ಕಟ್ಟಿಕೊಂಡು, ನೆಲದಿಂದ ಗಂಧಕದ ಉಗಿ ಏಳುವ ಸಲ್ಫರ್ ವರ್ಕ್ಸ್ ಎಂಬ ಜಾಗದ ಕಡೆಗೆ ಸುಮಾರು ಒಂದು ಮೈಲಿ ನಡಿಗೆ. ಬೇಸಿಗೆಯಲ್ಲಿ ಕಾರು ನಿಲ್ಲಿಸಿ ಮೂಗು ಮುಚ್ಚಿಕೊಂಡು ಫೋಟೊ ತೆಗೆಯುವ ಜಾಗ. ಚಳಿಗಾಲದಲ್ಲಿ ಮೊದಲು ಕೊಳೆತ ಮೊಟ್ಟೆಯ ವಾಸನೆ, ನಂತರ ಬಿಳಿಯ ನಡುವೆ ಎದ್ದ ಉಗಿ, ಕೊನೆಗೆ ಹಿಮ ನಿಲ್ಲದ ಕಂದು ಮಣ್ಣು. ಅಂಚಿಗೆ ಹೋಗಬೇಡಿ, ಅಲ್ಲಿ ಹಿಮದ ಪದರದ ಕೆಳಗೆ ಟೊಳ್ಳಿರಬಹುದು.

ಇಷ್ಟು ಹೊಗಳಿದ ಮೇಲೆ ಜೂನಿನ ಮಾತಿಗೆ ಬರಬೇಕು. ಚಳಿಗಾಲಕ್ಕೆ ಮಾತ್ರ ಬರುವವರಿಗೆ ಇದು ಗೊತ್ತೇ ಆಗುವುದಿಲ್ಲ. ಹಿಮ ಕರಗುತ್ತಾ ಬಂದಂತೆ ಜಾರಾಟದ ಇಳಿಜಾರಿನ ಬುಡದಲ್ಲಿ ನೆಲ ಬಣ್ಣಬಣ್ಣವಾಗುತ್ತದೆ. ಹೂವೇನೋ ಎಂದುಕೊಂಡು ಹತ್ತಿರ ಹೋದರೆ ಪ್ಲಾಸ್ಟಿಕ್: ನೀಲಿ, ಗುಲಾಬಿ, ಹಳದಿ ಚೂರುಗಳು. ಹಿಮದ ಮೇಲೆ ಕುಳಿತು ಜಾರುವ ಅಗ್ಗದ ಪ್ಲಾಸ್ಟಿಕ್ ಸ್ಲೆಡ್‌ಗಳು ಚಳಿಗೆ ಪೆಡಸಾಗಿ ಮೊದಲ ಉಬ್ಬಿಗೇ ಒಡೆಯುತ್ತವೆ, ಅಂದು ಸಂಜೆ ಹಿಮ ಬಿದ್ದರೆ ಚೂರುಗಳು ಮುಚ್ಚಿಹೋಗುತ್ತವೆ, ಒಡೆದವರು ಮನೆಗೆ ಹೋಗುತ್ತಾರೆ. ಎರಡು ವರ್ಷ ನಾನು ಅವರಿಗೆಲ್ಲ ಮನಸ್ಸಿನಲ್ಲೇ ಶಾಪ ಹಾಕುತ್ತಾ ಚೀಲ ತುಂಬಿಸಿದೆ.

ಮೂರನೆಯ ಜೂನಿನಲ್ಲಿ ಕಿತ್ತಳೆ ಬಣ್ಣದ ಒಂದು ಚೂರು ಸಿಕ್ಕಿತು, ಹಗ್ಗ ಕಟ್ಟುವ ತೂತಿನ ಸಮೇತ. ತೂತಿನಲ್ಲಿ ನಾನೇ ಹಾಕಿದ್ದ ಗಂಟು ಹಾಗೆಯೇ ಇತ್ತು. ಫೆಬ್ರುವರಿಯಲ್ಲಿ ಮಗನ ಸ್ಲೆಡ್ ಒಡೆದಾಗ ಕತ್ತಲಾಗುತ್ತಿತ್ತು, ದೊಡ್ಡ ತುಂಡನ್ನು ಕಾರಿಗೆ ಹಾಕಿ ಹೊರಟಿದ್ದೆವು. ಆಮೇಲೆ ಶಾಪ ಹಾಕುವ ಹುರುಪು ಸ್ವಲ್ಪ ಕಡಿಮೆಯಾಗಿದೆ.

ಯಾವಾಗ ಹೋಗಬೇಕು ಎಂದು ಕೇಳಿದರೆ, ಆಗಸ್ಟ್ ಬೇಡ ಎನ್ನುತ್ತೇನೆ. 2021ರ ಡಿಕ್ಸಿ ಕಾಳ್ಗಿಚ್ಚು ಉದ್ಯಾನದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಸುಟ್ಟಿತು. ಆ ತಿಂಗಳಲ್ಲಿ ದೂರದಲ್ಲಿ ಹೊಗೆ ಕಂಡರೂ ನನಗೆ ನಿದ್ದೆ ಬರುವುದಿಲ್ಲ. ಐದು ನಕ್ಷತ್ರಗಳಲ್ಲಿ ನಾಲ್ಕು ಕೊಡುತ್ತೇನೆ. ಕಡಿಮೆಯಾದ ಒಂದರಲ್ಲಿ ನನ್ನ ಪಾಲೂ ಇದೆ. ಈ ವರ್ಷ ಗಟ್ಟಿ ರಬ್ಬರಿನ, ಗಾಳಿ ತುಂಬುವ ಟ್ಯೂಬ್ ಕೊಂಡೆವು. ಬೆಲೆ ಹಳೆಯ ಸ್ಲೆಡ್‌ನ ಮೂರರಷ್ಟು. ಎರಡನೆಯ ದಿನವೇ ತೂತು ಬಿತ್ತು, ಮಗ ಸೈಕಲ್ಲಿನ ತೇಪೆ ಹಚ್ಚಿದ್ದಾನೆ, ಸದ್ಯಕ್ಕೆ ಗಾಳಿ ನಿಂತಿದೆ.