ಹರಟೆ ಪೂರ್ತಿ ಕೇಳಿಸಬೇಕು: ಕಾರ್ಡೊ ಪ್ಯಾಕ್‌ಟಾಕ್ ಎಡ್ಜ್ ಇಂಟರ್‌ಕಾಮ್ ವಿಮರ್ಶೆ

ಓಡುವ ಬೈಕ್‌ಗಳ ಸವಾರರು ಒಬ್ಬರೊಡನೊಬ್ಬರು ಮಾತಾಡಲು ಬಳಸುವ ಹೆಲ್ಮೆಟ್ ಇಂಟರ್‌ಕಾಮ್ ಕೊಳ್ಳಲು ಹೊರಟವರು ಮೊದಲು ಕೇಳುವುದು ರೇಂಜ್ ಎಷ್ಟು, ಹಾಡು ಹೇಗೆ ಕೇಳಿಸುತ್ತದೆ ಅಂತ. ಅಡ್ವೆಂಚರ್ ಬೈಕ್ ಹಿಡಿದು ಗುಂಪಾಗಿ ಮಣ್ಣುದಾರಿಗೆ ಇಳಿಯುವವರಿಗೆ ಇವೆರಡೂ ಆಮೇಲಿನ ಮಾತು. ಹಿಂದಿನವನು ಕಾಲೆಳೆದದ್ದು ಮುಂದಿನವನಿಗೆ ಹೊತ್ತಿಗೆ ಸರಿಯಾಗಿ, ಇಡಿಯಾಗಿ ತಲುಪುತ್ತದೆಯೇ ಎನ್ನುವುದು ಒಂದು. ಬೇಡವೆನಿಸಿದಾಗ ಆ ಹರಟೆಯನ್ನು ತಟ್ಟನೆ ನಿಲ್ಲಿಸಬಹುದೇ ಎನ್ನುವುದು ಇನ್ನೊಂದು. 2022ರಲ್ಲಿ ಬಂದ ಪ್ಯಾಕ್‌ಟಾಕ್ ಎಡ್ಜ್ ಮೊದಲನೆಯದರಲ್ಲಿ ಚೆನ್ನಾಗಿ ಪಾಸಾಗುತ್ತದೆ. ಎರಡನೆಯದು ಯಂತ್ರಕ್ಕಿಂತ ಹೆಚ್ಚಾಗಿ ಸವಾರರ ಕೈಯಲ್ಲಿದೆ.

ಹಳೆಯ ಬ್ಲೂಟೂತ್ ಇಂಟರ್‌ಕಾಮ್ ಕೆಲಸ ಮಾಡುವುದು ಸರಪಳಿಯ ಹಾಗೆ. ಒಂದನೆಯವನು ಎರಡನೆಯವನಿಗೆ, ಅವನು ಮೂರನೆಯವನಿಗೆ, ಅವನು ನಾಲ್ಕನೆಯವನಿಗೆ. ಎರಡನೆಯವನು ಫೋಟೊ ತೆಗೆಯಲು ನಿಂತರೆ ಮುಂದೆ ಒಬ್ಬ, ಹಿಂದೆ ಇಬ್ಬರು ಬೇರೆ ಬೇರೆ ಊರಿನವರಾಗಿಬಿಡುತ್ತಾರೆ. ಮತ್ತೆ ಹತ್ತಿರ ಬಂದಾಗ ಗುಂಡಿ ಒತ್ತಿ ಕೂಡಿಸಿಕೊಳ್ಳಬೇಕು, ಅದೂ ಗ್ಲೌಸ್ ಹಾಕಿದ ಕೈಯಲ್ಲಿ. ಎಡ್ಜ್‌ನಲ್ಲಿರುವುದು ಮೆಶ್, ಅಂದರೆ ಬಲೆಯ ಹಾಗಿನ ಜಾಲ. ಕಂಪನಿ ಇದನ್ನು ಡಿಎಂಸಿ (ಡೈನಾಮಿಕ್ ಮೆಶ್ ಕಮ್ಯುನಿಕೇಶನ್) ಎನ್ನುತ್ತದೆ. 15 ಜನರವರೆಗೆ ಒಂದೇ ಗುಂಪು, ಪ್ರತಿ ಹೆಲ್ಮೆಟ್ಟೂ ಉಳಿದವರ ಮಾತನ್ನು ದಾಟಿಸುತ್ತದೆ. ಸಾಲಿನ ಕ್ರಮ ಬದಲಾದರೂ ಚಿಂತೆಯಿಲ್ಲ, ದೂರ ಹೋದವನು ಹತ್ತಿರ ಬಂದರೆ ತಾನಾಗಿಯೇ ಸೇರಿಕೊಳ್ಳುತ್ತಾನೆ. ಗುಂಪು ಮಾಡುವ ಕೆಲಸ ಹೊರಡುವಾಗ ಒಮ್ಮೆ, ಅಷ್ಟೇ.

ಇಬ್ಬರ ನಡುವೆ 1.6 ಕಿಲೋಮೀಟರ್, ಎಲ್ಲರೂ ದಾಟಿಸುತ್ತ ಹೋದರೆ 8 ಕಿಲೋಮೀಟರ್ ಎನ್ನುವುದು ಕಂಪನಿಯ ಲೆಕ್ಕ. ಅದು ಅಡ್ಡ ಏನೂ ಇಲ್ಲದ ಬಯಲಿನ ಲೆಕ್ಕ. ದೂಳು ದಾರಿಯಲ್ಲಿ ಒಬ್ಬರಿಗೊಬ್ಬರು 250 ಮೀಟರ್ ಬಿಟ್ಟು ಆರು ಜನ ಓಡಿಸಿದರೆ ಲೀಡ್‌ನಿಂದ (ಎಲ್ಲರ ಮುಂದಿರುವವನು) ಸ್ವೀಪ್‌ವರೆಗೆ (ಎಲ್ಲರ ಹಿಂದಿರುವವನು) 1,250 ಮೀಟರ್ ಆಯಿತು. ಬಯಲಾದರೆ ತೊಂದರೆಯಿಲ್ಲ. ಬೆಟ್ಟದ ದಾರಿಯಲ್ಲಿ ಲೀಡ್ ಹೇರ್‌ಪಿನ್ ತಿರುಗಿ ಬಂಡೆಯ ಆಚೆ ಸರಿದ ಕೂಡಲೇ ಅಷ್ಟು ದೂರ ನೇರವಾಗಿ ಸಿಗುವುದಿಲ್ಲ, ಮಧ್ಯದವರು ದಾಟಿಸಬೇಕು. ಬಂಡೆ, ಮಣ್ಣಿನ ಗೋಡೆ, ಒದ್ದೆ ಎಲೆಗಳ ದಟ್ಟ ಕಾಡು, ಇವು ಮೂರೂ ಸಿಗ್ನಲ್ ನುಂಗುತ್ತವೆ. ಅಲ್ಲಿ ಮಧ್ಯದವನೊಬ್ಬ ಹಿಂದುಳಿದರೆ ಮೆಶ್ ಕೂಡ ಏನೂ ಮಾಡಲಾಗದು. ಹೀಗಾಗಿ ತಿರುವು ಹೆಚ್ಚಿದ್ದ ಕಡೆ ಕನ್ನಡಿಯಲ್ಲಿ ಹಿಂದಿನವನು ಕಾಣುವಷ್ಟು ಅಂತರ ಇಟ್ಟುಕೊಳ್ಳುವ ಹಳೆಯ ನಿಯಮವೇ ಇಂಟರ್‌ಕಾಮ್‌ಗೂ ಅನ್ವಯ.

ಸಂಪರ್ಕ ಕಡಿದುಹೋಗುವ ಬಗೆ ಹೇಗಿರುತ್ತದೆ ಅಂದರೆ, 'ಆ ಹೊಂಡಕ್ಕೆ ಇನ್ನು ನಿನ್ನ ಹೆಸರೇ ಇಡಬೇಕು ಗುರು' ಎನ್ನುವಾಗ 'ಆ ಹೊಂಡಕ್ಕೆ ಇನ್ನು' ಎಂಬಲ್ಲಿಗೆ ನಿಂತುಬಿಡುತ್ತದೆ. ಎಚ್ಚರಿಕೆಯೋ ತಮಾಷೆಯೋ ಗೊತ್ತಾಗದೆ ಕೇಳಿಸಿಕೊಂಡವನು ಬ್ರೇಕ್ ಹಿಡಿಯುತ್ತಾನೆ. ಆದ್ದರಿಂದ ದಾರಿಯ ವಿಷಯವಾದರೆ ಮುಖ್ಯ ಪದ ಮೊದಲು ಬರಬೇಕು: 'ಜಲ್ಲಿ, ಎಡ ತಿರುವು', 'ಎದುರು ಲಾರಿ'. ಯಾರಿಗಾದರೂ ಹೇಳುವುದಿದ್ದರೆ ಹೆಸರು ಮೊದಲು, ವಿಷಯ ಆಮೇಲೆ. ಕಥೆ ಹೇಳುವವನು ಎಷ್ಟಾದರೂ ಎಳೆಯಲಿ, ಎಚ್ಚರಿಕೆ ಮಾತ್ರ ಎರಡು ಪದದಲ್ಲಿ ಮುಗಿಯಬೇಕು.

ಸಂಖ್ಯೆಯ ವಿಚಾರಕ್ಕೆ ಬಂದರೆ, 15 ಎನ್ನುವುದು ಯಂತ್ರದ ಮಿತಿ, ಕಿವಿಯ ಮಿತಿಯಲ್ಲ. ನಾಲ್ಕರಿಂದ ಆರು ಜನರಿದ್ದಾಗ ಹರಟೆಗೆ ಒಂದು ಹದವಿರುತ್ತದೆ. ಎಂಟು ದಾಟಿತೆಂದರೆ ಸಂತೆ. ಇಲ್ಲಿ ಮಾತು ಎರಡೂ ಕಡೆಯಿಂದ ಸದಾ ತೆರೆದಿರುವುದರಿಂದ, ವಾಕಿಟಾಕಿಯ ಹಾಗೆ ಗುಂಡಿ ಒತ್ತಿ ಮಾತಾಡುವ ಕಟ್ಟುಪಾಡು ಇಲ್ಲ. ಒಬ್ಬ ಮರಳಿನಲ್ಲಿ ಫುಟ್‌ಪೆಗ್ ಮೇಲೆ ನಿಂತು ಏದುಸಿರು ಬಿಡುತ್ತಿದ್ದರೆ ಉಳಿದ ಅಷ್ಟೂ ಕಿವಿಗೆ ಅದೇ ಸಂಗೀತ. ಇನ್ನೊಬ್ಬ ತನ್ನ ಪಾಡಿಗೆ ಹಾಡು ಗುನುಗುತ್ತಿರುತ್ತಾನೆ, ತನಗೇ ಗೊತ್ತಿರುವುದಿಲ್ಲ. ಕಷ್ಟದ ದಾರಿ ಶುರುವಾಗುವ ಮುಂಚೆ ಎಲ್ಲರೂ ಮೈಕ್ ಮ್ಯೂಟ್ ಮಾಡಿಕೊಂಡು, ಲೀಡ್ ಮತ್ತು ಸ್ವೀಪ್ ಇಬ್ಬರನ್ನಷ್ಟೇ ತೆರೆದಿಡುವುದು ಒಳ್ಳೆಯ ಪದ್ಧತಿ. ಹೊಳೆ ದಾಟುವಾಗಲಂತೂ ಕಡ್ಡಾಯ. ನೀರಿನ ಮಧ್ಯೆ ಇದ್ದವನಿಗೆ ಐದು ಜನ ಐದು ದಾರಿ ಹೇಳಿದರೆ ಅವನು ಆರನೆಯ ಕಡೆ ಬೀಳುತ್ತಾನೆ.

ನಿಂತಾಗ ಇನ್ನೊಂದು ವಿಚಿತ್ರ ಕಾಣಿಸುತ್ತದೆ. ಪಕ್ಕದಲ್ಲೇ ನಿಂತವನ ಮಾತು ಗಾಳಿಯಲ್ಲಿ ಒಮ್ಮೆ, ಸ್ಪೀಕರ್‌ನಲ್ಲಿ ಚೂರು ತಡವಾಗಿ ಇನ್ನೊಮ್ಮೆ ಬರುತ್ತದೆ. ಯಾರದೋ ಹೆಲ್ಮೆಟ್ ಕನ್ನಡಿಗೆ ನೇತುಹಾಕಿದ್ದರೆ ಅದರ ಮೈಕ್ ಎಲ್ಲವನ್ನೂ ಹೀರಿ ಮತ್ತೆ ಉಗುಳುತ್ತದೆ. ಯಂತ್ರ ಕೆಟ್ಟಿದೆ ಅಂತ ತಿಳಿಯಬೇಕಿಲ್ಲ. ಹೆಲ್ಮೆಟ್ ತೆಗೆಯುವ ಮುಂಚೆ ಮ್ಯೂಟ್ ಮಾಡಿದರೆ ಸಾಕು. ಮಾಡದವನ ಮೇಲೆ ಉಳಿದವರು ಆಡಿಕೊಂಡ ಮಾತು ಅವನ ಹೆಲ್ಮೆಟ್‌ನೊಳಗಿಂದಲೇ ಕೇಳಿಸುತ್ತದೆ ಅನ್ನುವುದೂ ನೆನಪಿರಲಿ.

ಈ ಸೆಟ್ ಬಗ್ಗೆ ಬರುವ ದೂರುಗಳಲ್ಲಿ ಹೆಚ್ಚಿನವು ಹೆಲ್ಮೆಟ್ಟಿಗೆ ಕೂರಿಸುವಾಗ ಆದ ತಪ್ಪಿನವು. ಜೊತೆಗೆ ಬರುವ 40 ಮಿಲಿಮೀಟರ್ ಜೆಬಿಎಲ್ ಸ್ಪೀಕರ್‌ಗಳು ಒಳ್ಳೆಯವೇ. ಆದರೆ ಕಿವಿಯ ತೂತಿಗೆ ಎದುರಾಗಿ ಕೂರದೆ ಒಂದು ಸೆಂಟಿಮೀಟರ್ ಹಿಂದೆ ಸರಿದರೂ ಮಾತಿನ ಮೊನಚು ಹೋಗಿ ಗೊಣಗಾಟ ಉಳಿಯುತ್ತದೆ. ಹೆಲ್ಮೆಟ್‌ನಲ್ಲಿರುವ ಗುಂಡನೆಯ ಕಿವಿಗುಳಿ ಎಲ್ಲರ ಕಿವಿಗೂ ಸರಿಯಾದ ಜಾಗದಲ್ಲಿರುವುದಿಲ್ಲ. ಸರಿಯಾದ ಕ್ರಮ ಹೀಗೆ: ಸ್ಪೀಕರನ್ನು ವೆಲ್ಕ್ರೊ ಮೇಲೆ ಸಡಿಲವಾಗಿ ಅಂಟಿಸಿ, ಹೆಲ್ಮೆಟ್ ಹಾಕಿಕೊಂಡು, ಹಾಡು ಹಚ್ಚಿ, ಹೆಲ್ಮೆಟ್ಟನ್ನೇ ಹಿಂದೆ ಮುಂದೆ ತುಸು ಜರುಗಿಸಿ. ಎಲ್ಲಿ ಸದ್ದು ಜೋರಾಗುತ್ತದೋ ಆ ಕಡೆಗೆ ಸ್ಪೀಕರ್ ಸರಿಸಬೇಕು. ಗುಳಿ ಆಳವಿದ್ದರೆ ಹಿಂದೆ ಫೋಮ್ ಇಟ್ಟು ಮುಂದಕ್ಕೆ ತಂದುಕೊಳ್ಳಿ. ಕಿವಿಗೆ ಒತ್ತಿದರೆ ಅರ್ಧ ದಿನದಲ್ಲಿ ನೋವು ಶುರು, ತಗಲಿಯೂ ತಗಲದ ಹಾಗಿರಬೇಕು. ಜಾಗ ಸಾಲದೆಂದು ಹೆಲ್ಮೆಟ್‌ನ ಥರ್ಮೊಕೋಲ್ ಪದರ ಕೆರೆಯುವವರಿದ್ದಾರೆ. ಬಿದ್ದಾಗ ತಲೆ ಕಾಯುವುದೇ ಆ ಪದರ, ಅದನ್ನು ಮುಟ್ಟಬಾರದು.

ಮೈಕ್ ಇನ್ನೂ ಸೂಕ್ಷ್ಮ. ಅಡ್ವೆಂಚರ್ ಹೆಲ್ಮೆಟ್‌ನಲ್ಲಿ ಗಲ್ಲದ ಭಾಗ ಮುಂದಕ್ಕೆ ಚಾಚಿರುತ್ತದೆ, ಅದರ ನಡುವೆ ಗಾಳಿಕಿಂಡಿ. ಅಂಟಿಸುವ ವೈರಿನ ಮೈಕನ್ನು ಬಾಯಿಗೆ ನೇರ ಅಂತ ಆ ಕಿಂಡಿಯ ಬಾಯಲ್ಲೇ ಕೂರಿಸಿದರೆ, ವೇಗ ಹೆಚ್ಚಿದ ಹಾಗೆ ಗುಂಪಿನ ಎಲ್ಲರಿಗೂ ಬಿರುಗಾಳಿ ಕೇಳಿಸುತ್ತದೆ. ತಪ್ಪು ಮಾಡಿದವನಿಗೆ ಮಾತ್ರ ಕೇಳಿಸುವುದಿಲ್ಲ, ಅದೇ ತಮಾಷೆ. ಕಿಂಡಿ ಮುಚ್ಚಬೇಕು, ಇಲ್ಲವೇ ಮೈಕನ್ನು ತುಟಿಯ ಮೂಲೆಗೆ ಸರಿಸಬೇಕು. ಕಡ್ಡಿ ಮೈಕ್ ಆದರೆ ತುಟಿಯಿಂದ ಒಂದು ಬೆರಳಿನ ಅಂತರ ಸಾಕು, ಫೋಮ್ ಟೋಪಿ ಕಳಚಿ ಬೀಳದಂತೆ ನೋಡಿಕೊಳ್ಳಿ. ವೈಸರ್ ಎತ್ತಿ ಗಾಗಲ್ಸ್ ಹಾಕಿ ಓಡಿಸುವವರಿಗೆ ಗಾಳಿಸದ್ದು ಪೂರ್ತಿ ತಪ್ಪುವುದಿಲ್ಲ, ಅವರು ಆ್ಯಪ್‌ನಲ್ಲಿ ಮೈಕ್ ಸೂಕ್ಷ್ಮತೆ ಇಳಿಸಿಕೊಳ್ಳಬೇಕು. ಇನ್ನು ಕೇಳಿಸುವುದಿಲ್ಲ ಅಂತ ವಾಲ್ಯೂಮ್ ಏರಿಸುವುದಕ್ಕಿಂತ ಇಯರ್‌ಪ್ಲಗ್ ಹಾಕುವುದು ಮೇಲು. ಪ್ಲಗ್ ಗಾಳಿಯ ಮೊರೆತವನ್ನು ತಗ್ಗಿಸುತ್ತದೆ, ಮಾತು ಅದರ ಮೇಲೆ ಸ್ಪಷ್ಟವಾಗಿ ನಿಲ್ಲುತ್ತದೆ. ನಂಬಲು ಕಷ್ಟ, ಹಾಕಿ ನೋಡಿದವರು ಬಿಡುವುದಿಲ್ಲ.

ಯಂತ್ರ ಹೆಲ್ಮೆಟ್ಟಿಗೆ ಕೂರುವುದು ಅಯಸ್ಕಾಂತದ ತೊಟ್ಟಿಲಿನಲ್ಲಿ. ಹತ್ತಿರ ತಂದರೆ ಸೆಳೆದುಕೊಂಡು ಟಕ್ಕೆಂದು ಕೂರುತ್ತದೆ, ರಾತ್ರಿ ತೆಗೆದು ಚಾರ್ಜಿಗಿಡಲು ಅಷ್ಟೇ ಸುಲಭ. ಅದರ ಅಡಿಪಟ್ಟಿಗೆ ಎರಡು ಬಗೆ: ಕ್ಲ್ಯಾಂಪ್ ಮತ್ತು ಅಂಟು. ಕ್ಲ್ಯಾಂಪ್ ಹಿಡಿಯುವಷ್ಟು ಅಂಚು ಇದ್ದರೆ ಅದೇ ಒಳ್ಳೆಯದು. ಅಂಟು ಬಳಸುವುದಾದರೆ ಆಲ್ಕೋಹಾಲ್‌ನಿಂದ ಜಾಗ ಒರೆಸಿ, ಒತ್ತಿ ಅಂಟಿಸಿ, ಒಂದು ದಿನ ಮುಟ್ಟದೆ ಬಿಡಿ. ಹೊರಡುವ ಬೆಳಿಗ್ಗೆ ಅಂಟಿಸಿದ್ದು ಮಧ್ಯಾಹ್ನದ ಬಿಸಿಲಿಗೆ ಜಾರುತ್ತದೆ. ಮುಳ್ಳುಕಂಟಿ ದಾರಿಗೆ ಹೋಗುವವರು ತೆಳುವಾದ ದಾರ ಕಟ್ಟಿಕೊಂಡರೆ ಕೊಂಬೆ ತಗಲಿ ಹಾರಿದ ಯಂತ್ರವನ್ನು ಪೊದೆಯಲ್ಲಿ ಹುಡುಕುವ ಕೆಲಸ ತಪ್ಪುತ್ತದೆ.

ನೀರಿನ ವಿಷಯದಲ್ಲಿ ನೆಮ್ಮದಿ. ಐಪಿ67 ಅಂದರೆ ದೂಳು ಒಳಗೆ ಹೋಗದು, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ. ಆದರೆ ಮಳೆಯಲ್ಲಿ ಮೈಕ್‌ನ ಫೋಮ್ ನೆನೆದು ಮಾತು ಕಂಬಳಿ ಹೊದ್ದ ಹಾಗಾಗುತ್ತದೆ. ಹಿಂಡಿ ಒಣಗಿಸಿದರೆ ಸರಿಹೋಗುತ್ತದೆ.

ಬ್ಯಾಟರಿ 13 ಗಂಟೆ ಎನ್ನುತ್ತಾರೆ. ಮಾತಿನ ಜೊತೆ ಹಾಡು, ದಾರಿ ತೋರಿಸುವ ಆ್ಯಪ್, ಫೋನ್ ಕರೆ ಎಲ್ಲ ಸೇರಿದರೆ ಅಷ್ಟು ಎದುರು ನೋಡಬೇಡಿ. ಚಳಿಯಲ್ಲಿ ಲಿಥಿಯಂ ಬ್ಯಾಟರಿ ಇನ್ನೂ ಬೇಗ ಬಸವಳಿಯುತ್ತದೆ. ಊಟದ ಹೊತ್ತಿಗೆ 20 ನಿಮಿಷ ಯುಎಸ್‌ಬಿ-ಸಿ ಚುಚ್ಚಿದರೆ ಸುಮಾರು ಎರಡು ಗಂಟೆಯ ಮಾತು ಸಿಗುತ್ತದೆ. ಸಂಜೆಯ ಕೊನೆಯ ಡಾಂಬರು ದಾರಿಗೆ ಅಷ್ಟು ಉಳಿಸಿಕೊಳ್ಳಲೇಬೇಕು. ಇಡೀ ದಿನ ಯಾರು ಎಲ್ಲಿ ಬಿದ್ದರು, ಯಾರ ಕ್ಲಚ್ ವಾಸನೆ ಬಂತು, ಯಾರು ದಾರಿ ತಪ್ಪಿಯೂ ಒಪ್ಪಲಿಲ್ಲ ಎಂಬ ಲೆಕ್ಕ ಚುಕ್ತಾ ಆಗುವುದು ಆ ಎರಡು ಗಂಟೆಯಲ್ಲೇ.

ದೊಡ್ಡ ಕೊರತೆ ಒಂದಿದೆ. ಸೇನಾ ಎಂಬ ಇನ್ನೊಂದು ಕಂಪನಿಯ 50ಎಸ್ ಇಂಟರ್‌ಕಾಮ್ ಕೂಡ ಮೆಶ್ಶೇ. ಅದರ ಓಪನ್ ಮೆಶ್‌ನಲ್ಲಿ ಜನರ ಮಿತಿಯಿಲ್ಲ, ಒಂಬತ್ತು ಚಾನೆಲ್‌ಗಳಿವೆ. ಆದರೆ ಅದರ ಮೆಶ್ ಬೇರೆ, ಇದರ ಮೆಶ್ ಬೇರೆ, ಎರಡೂ ಒಂದರೊಡನೊಂದು ಮಾತಾಡುವುದಿಲ್ಲ. ಬೇರೆ ಕಂಪನಿಯ ಸೆಟ್ ಇದ್ದವನನ್ನು ಒಬ್ಬರ ಯಂತ್ರಕ್ಕೆ ಬ್ಲೂಟೂತ್‌ನಿಂದ ಜೋಡಿಸಿ ಗುಂಪಿಗೆ ಎಳೆದುಕೊಳ್ಳಬಹುದು, ಅವನ ದನಿ ಹಳೆಯ ಫೋನ್ ಕರೆಯ ಹಾಗೆ ಕೇಳಿಸುತ್ತದೆ. ಸೇತುವೆಯಾದವನು ದೂರ ಹೋದರೆ ಆ ನೆಂಟನೂ ಹೋದ. ಹೀಗಾಗಿ ಯಾವುದು ಉತ್ತಮ ಎಂದು ಇಂಟರ್‌ನೆಟ್ ಜಾಲಾಡುವುದಕ್ಕಿಂತ, ಜೊತೆಗೆ ಓಡಿಸುವವರ ಬಳಿ ಯಾವುದಿದೆಯೋ ಅದನ್ನೇ ಕೊಳ್ಳುವುದು ಜಾಣತನ. ಇಬ್ಬರೇ ಓಡಿಸುವುದಾದರೆ ಇಷ್ಟು ದುಬಾರಿ ಸೆಟ್ ಬೇಕಿಲ್ಲ, ಸಾದಾ ಬ್ಲೂಟೂತ್ ಜೋಡಿ ಸಾಕು. ಇದಾದ ಮೇಲೆ ಬಂದ ಪ್ಯಾಕ್‌ಟಾಕ್ ಪ್ರೊದಲ್ಲಿ 45 ಮಿಲಿಮೀಟರ್ ಸ್ಪೀಕರ್ ಮತ್ತು ಅಪಘಾತ ಗುರುತಿಸುವ ಸೌಲಭ್ಯ ಇದೆ. ಒಬ್ಬಂಟಿಯಾಗಿಯೂ ದೂರ ಹೋಗುವವರು ಅದನ್ನು ನೋಡಬಹುದು, ಬರಿಯ ಹರಟೆಗಾಗಿ ಎಡ್ಜ್ ಬದಲಿಸಬೇಕಿಲ್ಲ.

ಸಾಫ್ಟ್‌ವೇರ್ ಅಪ್‌ಡೇಟ್ ಆ್ಯಪ್ ಮೂಲಕವೇ ಬರುತ್ತದೆ, ಕಂಪ್ಯೂಟರ್ ಬೇಡ. ಗುಂಪಿನ ಎಲ್ಲ ಯಂತ್ರಗಳಲ್ಲೂ ಒಂದೇ ಆವೃತ್ತಿ ಇರಲಿ, ಅದೂ ಹೊರಡುವ ಎರಡು ದಿನ ಮುಂಚೆ. ಅಪ್‌ಡೇಟ್ ಆದ ಮೇಲೆ ಮತ್ತೆ ಗುಂಪು ಮಾಡಿ, ಮನೆಯ ಸುತ್ತ ಒಂದು ಸುತ್ತು ಹಾಕಿ ಎಲ್ಲರ ದನಿ ಬರುತ್ತದೆಯೇ ನೋಡಿಕೊಳ್ಳಿ. ಹೊರಡುವ ಬೆಳಿಗ್ಗೆ ಆರು ಬೈಕ್ ಸ್ಟಾರ್ಟ್ ಮಾಡಿ ನಿಲ್ಲಿಸಿ, ಒಬ್ಬ ಮಾತ್ರ ಫೋನ್ ಹಿಡಿದು 'ತಡೀರಪ್ಪಾ, ಇನ್ನೂ 40 ಪರ್ಸೆಂಟ್ ಬಾಕಿ' ಎಂದರೆ ಆ ದಿನದ ಕಾಲೆಳೆತ ಅವನಿಂದಲೇ ಶುರು.